ಕೆಳಗಿನ ಎಲೆಯ ಸಾಕ್ಷಿ

“ಒಂದು ತೊಟ್ಟು ನೀರು ಹಾಕಿಲ್ಲ ಸಾರ್. ದೊಡ್ಡಪ್ಪ ಕಾಣೆಯಾದ ದಿನದಿಂದ ಈ ಕೋಣೆಗೆ ನಾನು ಕಾಲೇ ಇಟ್ಟಿಲ್ಲ,” ಎಂದ ಪಿಟೀಲು. ಅವನ ಕೀರಲು ದನಿಗೆ ಊರಿಟ್ಟ ಹೆಸರು ಅದು.

ನಾನು ಅವನ ಮುಖ ನೋಡಲಿಲ್ಲ. ಅವನ ಮೊಣಕೈ ಪಕ್ಕದಲ್ಲಿದ್ದ ಕುಂಡವನ್ನು ನೋಡುತ್ತಿದ್ದೆ. ಅದರೊಳಗಿನ ಗಿಡ ಮಾವನ ಮನೆಯಲ್ಲಿ ಉಂಡು ಬಂದ ಅಳಿಯನ ಹಾಗೆ ಕೆನ್ನೆ ಉಬ್ಬಿಸಿಕೊಂಡು ಕೂತಿತ್ತು.

ತಿಂಗಳಿಗೆ ಹತ್ತಿರ ನೀರು ಕಾಣದ ಗಿಡಕ್ಕೆ ಈ ಕೆನ್ನೆ ಎಲ್ಲಿಂದ ಬಂತು?

ಈ ಮನೆಯ ಮಾಲೀಕ ಮುಳ್ಳುತಾತ, ಪಿಟೀಲಿನ ದೊಡ್ಡಪ್ಪ. ಮಾಳಿಗೆಯ ಮೇಲೆ ಗಾಜಿನ ಕೋಣೆ ಕಟ್ಟಿಸಿ, ಮಕ್ಕಳ ಬದಲು ದಪ್ಪೆಲೆಯ ಗಿಡಗಳನ್ನು ಸಾಕಿಕೊಂಡಿದ್ದ ಮುದುಕ. ಆತ ಕಾಣೆಯಾದ ದಿನ ಮಾಳಿಗೆಯ ಮೆಟ್ಟಿಲ ಮೇಲೆ ರಕ್ತ ಸಿಕ್ಕಿತ್ತು, ರಕ್ತ ಒರೆಸಿದ ಬಟ್ಟೆಯೂ ಸಿಕ್ಕಿತ್ತು. ಬಟ್ಟೆ ಯಾರದೆಂದು ಪೊಲೀಸರಿಗೆ ನಿನ್ನೆ ಗೊತ್ತಾಯಿತು. ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದು ಫೋಟೋಗಳಿಗೆ ಚೌಕಟ್ಟು ಹಾಕುವ ಅಂಗಡಿ ಇಟ್ಟಿರುವವನದು. ಅವನು ನನ್ನ ಅಕ್ಕನ ಗಂಡ, ನನ್ನ ಭಾವ. ನಿನ್ನೆ ಸಂಜೆಯಿಂದ ಲಾಕಪ್ಪಿನಲ್ಲಿದ್ದಾನೆ.

ನನ್ನ ಕಸುಬು ಪತ್ತೇದಾರಿಕೆ. ಝೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಒಂದು ಮೇಜು, ಅದರ ಮೇಲೊಂದು ಬೋರ್ಡು. ಇದುವರೆಗೆ ಓಡಿಹೋದ ನಾಯಿ, ಓಡಿಹೋದ ಮದುಮಗ, ಎರಡನ್ನೂ ಹುಡುಕಿ ಕೊಟ್ಟಿದ್ದೇನೆ. ನಾಯಿ ಖುಷಿಯಿಂದ ವಾಪಸ್ ಬಂತು.

“ಏನಮ್ಮ ಸಿನಿಮಾ,” ಎಂದರು ಎಸ್ಸೈ ಸಾಹೇಬರು. ಆ ಹೆಸರು ನನಗೆ ಇಟ್ಟವರು ಅವರೇ, ನಾನು ಬೇಡ ಎನ್ನಲಿಲ್ಲ. “ಮಧ್ಯಾಹ್ನ ನಿನ್ನ ಭಾವನ್ನ ಕೋರ್ಟಿಗೆ ಕರ್ಕೊಂಡು ಹೋಗ್ಬೇಕು. ಅಷ್ಟರೊಳಗೆ ಏನು ತೋರಿಸ್ತೀಯೋ ತೋರ್ಸು. ಗಿಡ ನೋಡೋಕೆ ಅಂತ ನನ್ನ ಇಷ್ಟು ಮೆಟ್ಟಿಲು ಹತ್ತಿಸಿದ್ರೆ ಮಾತ್ರ ನಿನ್ನೂ ಒಳಗೆ ಹಾಕ್ತೀನಿ.”

“ಸಾರ್, ಇಲ್ಲಿರೋದು ಬರೀ ಟ್ರೇಲರು. ಪಿಕ್ಚರು ಅಕ್ಕನ ಅಡುಗೆಮನೆ ಕಿಟಕೀಲಿದೆ. ಈಗಲೇ ತರ್ತೀನಿ.”

ಅಕ್ಕನ ಮನೆಯ ತುಂಬ ಮರದ ಪಾಲಿಶಿನ ವಾಸನೆ. ಅಂಗಡಿಯ ಕಡೆಯ ಬಾಗಿಲು ಮುಚ್ಚಿತ್ತು. ಗರಗಸದ ಸದ್ದಿಲ್ಲದ ಆ ಮನೆಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಅಕ್ಕ ಅಡುಗೆಕಟ್ಟೆಗೆ ಒರಗಿ ನಿಂತಿದ್ದಳು, ಒಲೆ ಹಚ್ಚಿರಲಿಲ್ಲ. ರಾತ್ರಿಯೆಲ್ಲ ಅತ್ತು ಕಣ್ಣು ಊದಿದ್ದವು.

“ಮೇಲೆ ಏನಾದ್ರೂ ಸಿಕ್ತಾ?” ಎಂದಳು.

“ಸಿಕ್ತು. ಎರಡು ಕೆನ್ನೆ.”

“ನಿಂಗೆ ಈಗಲೂ ತಮಾಷೆ ಅಲ್ವಾ?”

“ಅಳೋದು ನಿಲ್ಸು ಅಕ್ಕ. ಸಂಜೆ ಭಾವ ಬಂದು ಈ ಮುಖ ನೋಡಿ, ಕ್ಷಮಿಸಿ ಅಮ್ಮಾವ್ರೇ ಮನೆ ತಪ್ಪಿ ಬಂದೆ ಅಂತ ವಾಪಸ್ ಹೋದ್ರೆ ಏನ್ ಮಾಡ್ತಿ?”

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ನಾನು ಕಿಟಕಿಯಲ್ಲಿದ್ದ ಪುಟ್ಟ ಕುಂಡವನ್ನು ಎತ್ತಿಕೊಂಡೆ.

“ಅದ್ಯಾಕೆ? ಸತ್ತೇ ಹೋಗಿದೆ ಅನ್ಸತ್ತೆ. ತಾತ ಕಾಣೆಯಾದ ಮೇಲೆ ನೀರು ಹಾಕೋ ನೆನಪೇ ಆಗಿಲ್ಲ ಕಣೆ,” ಎಂದಳು.

“ಸತ್ತಿಲ್ಲ. ಸಾಕ್ಷಿ ಹೇಳೋಕೆ ಕಾಯ್ತಾ ಇದೆ.”

ಇಲ್ಲಿ ಮುಳ್ಳುತಾತನ ಒಂದು ಪದ್ಧತಿ ಹೇಳಬೇಕು. ಬಾಡಿಗೆಗೆ ಬಂದವರಿಗೆ ಆತ ಮನೆಯ ಕೀಲಿಕೈ ಜೊತೆಗೆ ಒಂದು ಗಿಡದ ಮರಿಯನ್ನೂ ಕೊಡುತ್ತಿದ್ದ. ಎಲ್ಲ ಮರಿಗಳೂ ಒಂದೇ ತಾಯಿಯವು. ಗುಲಾಬಿಯ ಹಾಗೆ ಸುತ್ತು ಸುತ್ತಾಗಿ ದಪ್ಪ ಎಲೆಗಳು, ಎಲೆಯ ಮೇಲೆ ಪೌಡರ್ ಬಳಿದಂತೆ ಬಿಳಿ ಬೂದಿ. ಅದಕ್ಕೆ ಆತನ ಹೆಸರು ಬೂದಿಗುಲಾಬಿ. ಮರಿ ಕೊಟ್ಟು ಸುಮ್ಮನಿರುವ ಮುದುಕನಲ್ಲ. ಆಗಾಗ ಮನೆಗೆ ಬಂದು, ಸೋಫಾದಲ್ಲಿ ಕೂರದೆ, ಕುಶಲ ಕೇಳದೆ, ನೇರ ಗಿಡದ ಹತ್ತಿರ ಹೋಗಿ ಕೆಳಗಿನ ಎಲೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಂಡಿ ನೋಡುತ್ತಿದ್ದ. ಎಲೆ ಗಟ್ಟಿ ಇದ್ದರೆ ನಗು. ಮೆತ್ತಗಿದ್ದರೆ ಮನೆಯವರಿಗೆಲ್ಲ ಪಾಠ. ಅಕ್ಕನ ಮನೆಗೆ ಕಾಫಿಗೆಂದು ಹೋದ ನಾನು ಆ ಪಾಠಕ್ಕೆ ಎಷ್ಟು ಸಲ ಸಿಕ್ಕಿಬಿದ್ದಿದ್ದೇನೋ ಲೆಕ್ಕವಿಲ್ಲ.

“ವಾರ ನೋಡಿ ನೀರು ಹಾಕಬೇಡ ಕೋತಿ, ಎಲೆ ನೋಡಿ ಹಾಕು,” ಎನ್ನುತ್ತಿದ್ದ. “ಹಸಿದೋರಿಗೆ ಊಟ ಬಡಿಸಬೇಕು. ಉಂಡು ಮಲಗಿದೋರ ಬಾಯಿಗೆ ತುರುಕಬಾರದು.”

ಗಾಜಿನ ಕೋಣೆಗೆ ಮರಳಿ ಅಕ್ಕನ ಮನೆಯ ಮರಿಯನ್ನು ಮೇಜಿನ ಮೇಲಿಟ್ಟೆ. ಅದರ ಪಕ್ಕಕ್ಕೆ ಪಿಟೀಲಿನ ಮೊಣಕೈ ಹತ್ತಿರವಿದ್ದ ಕೆನ್ನೆಯ ಮರಿಯನ್ನು ತಂದಿಟ್ಟೆ. ಎರಡೂ ಒಂದೇ ತಾಯಿಯ ಮಕ್ಕಳು, ಒಂದೇ ಅಳತೆಯ ಕುಂಡ.

“ಸಾರ್, ಒಂದೇ ಗರ್ಭದಲ್ಲಿ ಹುಟ್ಟಿ, ವಿಧಿಯಾಟದಿಂದ ದೂರವಾದ ಅಕ್ಕತಂಗಿಯರು ಇವರು.”

“ವಿಷಯಕ್ಕೆ ಬಾ.”

“ಎರಡರ ಕೆಳಗಿನ ಎಲೇನೂ ಹಿಂಡಿ ನೋಡಿ.”

ಸಾಹೇಬರು ಅನುಮಾನದಿಂದಲೇ ಬೆರಳು ಚಾಚಿದರು. ಅಕ್ಕನ ಮನೆಯದರ ಎಲೆ ತೆಳ್ಳಗಾಗಿ, ಸ್ನಾನದ ಮನೆಯಲ್ಲಿ ಬಹಳ ಹೊತ್ತು ಕೂತವರ ಬೆರಳಿನಂತೆ ಸುಕ್ಕುಗಟ್ಟಿತ್ತು. ಮಡಚಿದರೆ ರಬ್ಬರಿನಂತೆ ಬಾಗಿತು. ಮೇಲಿನ ಕೋಣೆಯದು ಬಾಗಲಿಲ್ಲ, ಬೆರಳಿಗೆ ಎದುರು ನಿಂತಿತು.

“ದಾಹ ಆದ್ರೆ ಈ ಗಿಡ ಮೊದಲು ತನ್ನ ಕೆಳಗಿನ ಎಲೇನೇ ಕುಡಿಯುತ್ತೆ ಸಾರ್. ಅಕ್ಕನ ಮನೇದು ತಿಂಗಳಿಂದ ಅದನ್ನೇ ಮಾಡಿದೆ. ಮೇಲಿರೋದಕ್ಕೆ ಆ ಕಷ್ಟವೇ ಬಂದಿಲ್ಲ. ಅಂದ್ರೆ ಯಾರೋ ಬಡಿಸಿದ್ದಾರೆ.”

“ನಮ್ಮ ಸ್ಟೇಷನ್ನಲ್ಲೂ ಒಂದಿದೆ. ಯಾರೂ ನೀರು ಹಾಕಲ್ಲ. ಚೆನ್ನಾಗೇ ಇದೆ.”

“ಅದು ಪ್ಲಾಸ್ಟಿಕ್ಕು ಸಾರ್.”

ಸಾಹೇಬರು ಸ್ವಲ್ಪ ಹೊತ್ತು ಗಾಜಿನ ಚಾವಣಿ ನೋಡಿದರು.

ನಾನು ಸಾಲು ಸಾಲಾಗಿ ಹಿಂಡುತ್ತ ಹೋದೆ. ಲೋಳೆಸರ ಗಟ್ಟಿ. ಅದರ ಪಕ್ಕದ ಬೂದಿಗುಲಾಬಿಯ ಎಲೆ ಮಾತ್ರ ಸುಕ್ಕು, ಆದರೆ ಮಣ್ಣಿಗೆ ಬೆರಳಿಟ್ಟರೆ ತಣ್ಣಗೆ ಒದ್ದೆ. ನನ್ನ ಎದೆಯೊಳಗೆ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಶುರುವಾಯಿತು. ನೀರು ಕುಡಿದ ಗಿಡದ ಎಲೆ ಉಬ್ಬಲು ಒಂದೆರಡು ದಿನ ಬೇಕು. ಮಣ್ಣು ಒದ್ದೆಯಾಗಿ ಎಲೆ ಇನ್ನೂ ಸುಕ್ಕಾಗಿದೆ ಎಂದರೆ, ಬಡಿಸಿದವರು ಈಗಷ್ಟೇ ಕೈ ತೊಳೆದು ಎದ್ದಿದ್ದಾರೆ.

“ಇವತ್ತು ಬೆಳಗ್ಗೆ ಹಾಕಿರೋ ನೀರು ಸಾರ್ ಇದು.”

ಸಾಹೇಬರು ತಿರುಗಿ ಪಿಟೀಲನ್ನು ನೋಡಿದರು. ಪಿಟೀಲಿನ ಕಮಾನು ಜಾರಿತು.

“ನಾನಲ್ಲ ಸಾರ್. ನನ್ನ ಹತ್ರ ಇದ್ದ ಕೀಲಿ ನೀವೇ ಅವತ್ತೇ ಇಸ್ಕೊಂಡ್ರಲ್ಲ.”

“ಹೌದು, ಇಸ್ಕೊಂಡೆ. ಅದು ನನ್ನ ಬೀರೂನಲ್ಲೇ ಇತ್ತು. ಇವತ್ತು ಬೀಗ ತೆಗೆದಿದ್ದೂ ಅದರಲ್ಲೇ,” ಎಂದರು ಸಾಹೇಬರು. “ಆದ್ರೆ ನಿನ್ನ ಹತ್ರ ಇನ್ನೊಂದು ಇಲ್ಲ ಅಂತ ಹೇಗೆ ನಂಬೋದು?”

ನಾನು ಪಿಟೀಲಿನ ಎದುರು ಹೋಗಿ ನಿಂತೆ. ಎತ್ತರದಲ್ಲಿ ನಾನು ಅವನ ಭುಜಕ್ಕೆ ಬರುತ್ತೇನೆ. ಆದರೆ ಕ್ಯಾಮೆರಾ ಕೆಳಗಿಟ್ಟರೆ ಎಲ್ಲರೂ ಎತ್ತರವೇ.

“ದೊಡ್ಡಪ್ಪ ಹೋದ್ರೆ ಮನೆ ಯಾರಿಗೆ ಬರುತ್ತೆ ಅಣ್ಣಾ?”

“ನಂಗೇ. ಅದನ್ನ ಯಾರು ಮುಚ್ಚಿಟ್ರು? ಊರಿಗೆಲ್ಲ ಗೊತ್ತು.”

“ಹಾಗಾದ್ರೆ ಈ ಕಲ್ಲುಗಿಡಕ್ಕೆ ಯಾಕೆ ನೀರು ಹಾಕಿಲ್ಲ?”

“ಯಾವ ಕಲ್ಲು? ಅದು ಗಿಡಾನಾ?”

ಅವನ ಎದುರಿನ ತಟ್ಟೆಯಲ್ಲಿ ನದಿಯ ದಂಡೆಯಿಂದ ಆರಿಸಿ ತಂದಂತಹ ಉರುಟು ಕಲ್ಲುಗಳಿದ್ದವು, ಪ್ರತಿಯೊಂದಕ್ಕೂ ನಡುವೆ ಒಂದು ಸೀಳು. ಅವು ಕಲ್ಲಲ್ಲ, ಗಿಡಗಳೇ. ಸೀಳಿನೊಳಗಿಂದ ಹೊಸ ಜೋಡಿ ಎಲೆ ಮೇಲೆದ್ದು ಬರುತ್ತಿತ್ತು. ಹೊರಗಿನ ಹಳೆಯ ಜೋಡಿ ಕಾಗದದಂತೆ ಒಣಗಿ ಅದರ ಬುಡಕ್ಕೆ ಅಂಟಿಕೊಂಡಿತ್ತು. ಹೊಸ ಎಲೆ ಹಳೆಯದರ ನೀರನ್ನೇ ಹೀರಿ ಬೆಳೆಯಬೇಕು. ಆ ಹೊತ್ತಿನಲ್ಲಿ ಅಯ್ಯೋ ಪಾಪ ಎಂದು ಒಂದು ಲೋಟ ಸುರಿದರೆ ಎರಡೂ ಕುಡಿದು ಉಬ್ಬಿ ಒಡೆಯುತ್ತವೆ. ತಾತ ನನಗೆ ಇದನ್ನು ಬಾಯಿಪಾಠ ಮಾಡಿಸಿದ್ದ.

ಪಿಟೀಲು ನಿಜಕ್ಕೂ ಬಗ್ಗಿ, ಕಣ್ಣು ಕಿರಿದಾಗಿಸಿ ಅವನ್ನು ನೋಡಿದ. ಒಂದನ್ನು ಎತ್ತಿಕೊಳ್ಳಲು ಹೋದ, ಅದು ಬೇರುಸಹಿತ ಬರತೊಡಗಿದಾಗ ಗಾಬರಿಯಾಗಿ ಕೈಬಿಟ್ಟ.

ಅಷ್ಟು ಸಾಕಾಯಿತು. ಇಷ್ಟು ಚೆನ್ನಾಗಿ ನಟಿಸಲು ಬರುವವನಾಗಿದ್ದರೆ ಅವನು ಪಿಟೀಲಿನ ದನಿಯಲ್ಲಿ ಮಾತಾಡುತ್ತ ಬದುಕುತ್ತಿರಲಿಲ್ಲ.

“ಸಾರ್, ಇವನಲ್ಲ. ಇಲ್ಲಿಗೆ ಬರ್ತಿರೋರು ಯಾರಿಗೆ ದಾಹ, ಯಾರಿಗೆ ನಿದ್ದೆ ಅಂತ ಒಂದೊಂದನ್ನೂ ಬಲ್ಲೋರು. ಈ ಎಲೆ ನೋಡಿ.”

ಬೂದಿಗುಲಾಬಿಯ ಕೆಳಗಿನ ಎಲೆಯ ಬಿಳಿ ಬೂದಿಯಲ್ಲಿ ಎರಡು ಬೆರಳಿನ ಗುರುತು. ಮೇಲೊಂದು, ಕೆಳಗೊಂದು. ನಾನಿನ್ನೂ ಮುಟ್ಟದ ಪಕ್ಕದ ಕುಂಡದಲ್ಲೂ ಅದೇ. ಅದರ ಪಕ್ಕದಲ್ಲೂ ಅದೇ. ಬೂದಿ ಒಮ್ಮೆ ಅಳಿಸಿದರೆ ಅದೇ ಎಲೆಯಲ್ಲಿ ಮತ್ತೆ ಮೂಡುವುದಿಲ್ಲ. ಆದರೆ ಸುರುಳಿಯ ಕೆಳಗಿನ ಎಲೆ ಉದುರಿ, ಅದರ ಮೇಲಿನದು ಈಗ ಕೆಳಗಿನದಾದ ಗಿಡಗಳಲ್ಲೂ ಹೊಸ ಗುರುತುಗಳಿದ್ದವು. ಅಂದರೆ ಹಿಂಡಿದ್ದು ತೀರ ಇತ್ತೀಚೆಗೆ.

“ಈ ಊರಲ್ಲಿ ಹೀಗೆ ಎಲೆ ಹಿಂಡಿ ನೀರು ಹಾಕೋರು ಒಬ್ಬರೇ,” ಎಂದೆ.

ಸಾಹೇಬರು ಟೋಪಿ ತೆಗೆದರು. “ಬದುಕಿದಾರೆ ಅಂತೀಯಾ?”

“ಬದುಕಿ ಇವತ್ತು ಬೆಳಗ್ಗೆ ನೀರು ಹಾಕಿ ಹೋಗಿದಾರೆ ಅಂತೀನಿ.”

“ಎಲ್ಲಿದಾರೆ?”

ಅದು ನನಗೂ ಗೊತ್ತಿರಲಿಲ್ಲ. ಕಿಟಕಿಯ ಹತ್ತಿರ ಹೋದೆ. ಚಿಲಕ ಹಾಕಿರಲಿಲ್ಲ. ಕಿಟಕಿ ದಾಟಿದರೆ ಗೇಣುದ್ದದ ಮೋಟುಗೋಡೆ, ಅದರಾಚೆ ಪಕ್ಕದ ಮನೆಯ ಮಾಳಿಗೆ. ಅಲ್ಲಿ ನಿವೃತ್ತಿಯಾದ ನರ್ಸಮ್ಮ ಒಬ್ಬರೇ ಇರುತ್ತಾರೆ. ಮಾಳಿಗೆಯ ತುಂಬ ಹಗ್ಗ ಕಟ್ಟಿ ಬೆಡ್‌ಶೀಟು ಒಣಹಾಕಿದ್ದರು. ಒಬ್ಬರೇ ಇರುವವರು ದಿನಾ ಎಷ್ಟು ಬೆಡ್‌ಶೀಟು ಒಗೆಯುತ್ತಾರೆ?

ಹೋಗಿ ಬಾಗಿಲು ಬಡಿಯಬಹುದಿತ್ತು. ನರ್ಸಮ್ಮ ಇಲ್ಲವೆನ್ನಬಹುದಿತ್ತು, ಸಾಹೇಬರು ವಾರಂಟು ತರಬೇಕಾಗುತ್ತಿತ್ತು, ಅಷ್ಟರಲ್ಲಿ ಭಾವ ಕೋರ್ಟಿನಲ್ಲಿರುತ್ತಿದ್ದ. ನನಗೆ ಅದಕ್ಕಿಂತ ಒಳ್ಳೆಯ ಉಪಾಯ ಹೊಳೆಯಿತು. ಒಳ್ಳೆಯದು ಎನ್ನುವುದಕ್ಕಿಂತ, ಮಾಡಲು ಮಜವಾದದ್ದು.

ಕಿಟಕಿಗಳನ್ನೆಲ್ಲ ಪೂರ್ತಿ ತೆರೆದೆ. ಬಾಗಿಲ ಹೊರಗಿನ ನಲ್ಲಿಗೆ ಮಾಳಿಗೆ ತೊಳೆಯುವ ಪೈಪು ಸಿಕ್ಕಿಸಿದೆ.

“ಏನ್ ಮಾಡ್ತಿದ್ದೀಯ?” ಎಂದರು ಸಾಹೇಬರು.

“ಕ್ಲೈಮ್ಯಾಕ್ಸು ಸಾರ್. ನೀವು ಸುಮ್ನೆ ಪಕ್ಕದಲ್ಲಿ ನಿಂತಿರಿ.”

ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ದನಿ ಎತ್ತಿದೆ.

“ಸರಿ ಸಾರ್. ನೀವು ಹೇಳಿದ್ದೇ ಸರಿ. ಪಾಪ, ತಿಂಗಳಿಂದ ನೀರಿಲ್ಲದೆ ಒದ್ದಾಡ್ತಿವೆ. ಎಲ್ಲಾ ಕುಂಡಕ್ಕೂ ತುಂಬಿ ತುಳುಕೋ ಹಾಗೆ ಬಿಟ್ಬಿಡ್ತೀನಿ. ಮೊದಲು ಈ ಕಲ್ಲುಗಿಡಕ್ಕೆ. ಅಯ್ಯೋ, ಹೇಗೆ ಒಣಗಿವೆ ನೋಡಿ. ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ, ದಿನಾ ನಾನೇ ಬಂದು ಹಾಕ್ತೀನಿ.”

ಪೈಪಿನ ಬಾಯನ್ನು ತಟ್ಟೆಯತ್ತ ಹಿಡಿದೆ. ಪೈಪು ಒಂದು ಸಲ ಕೆಮ್ಮಿತು. ಮೊದಲ ಹನಿ ಮೇಜಿಗೆ ಬಿತ್ತು.

“ಏಯ್, ಹಾಕಬೇಡ್ವೇ ಕೋತಿ! ಕೈ ಮುರೀತೀನಿ!”

ಬೆಡ್‌ಶೀಟುಗಳ ನಡುವಿನಿಂದ ಹೂವಿನ ಚಿತ್ತಾರದ ನೈಟಿ ತೊಟ್ಟ ಆಕೃತಿಯೊಂದು ನುಗ್ಗಿ ಬಂತು. ತಲೆಗೆ ಟವೆಲು, ಒಂದು ಕೈ ಕುತ್ತಿಗೆಗೆ ಕಟ್ಟಿದ ಬಟ್ಟೆಯಲ್ಲಿ ತೂಗುತ್ತಿತ್ತು. ನೈಟಿಯ ತುದಿಯನ್ನು ಎತ್ತಿ ಹಿಡಿದು ಮೋಟುಗೋಡೆ ದಾಟಿ, ಕಿಟಕಿಯಿಂದ ಒಳಗಿಳಿದು, ನನ್ನ ಕೈಯಿಂದ ಪೈಪು ಕಿತ್ತು ಹೊರಗೆಸೆಯಿತು. ಆಮೇಲೆ ಕಲ್ಲುಗಿಡದ ತಟ್ಟೆಯನ್ನು ಎದೆಗೆ ಅವಚಿಕೊಂಡು ನಿಂತಿತು.

ನೈಟಿಯ ಮೇಲೆ ಬಿಳಿ ಮೀಸೆಯಿತ್ತು.

“ದೊಡ್ಡಪ್ಪ,” ಎಂದ ಪಿಟೀಲು. ಆಮೇಲೆ ನೆಲದ ಮೇಲೆ ಕೂತು ಅಳತೊಡಗಿದ. ಮನೆ ಕೈತಪ್ಪಿದ್ದಕ್ಕಲ್ಲ. ಆ ಅಳು ಕೇಳಿದ ಯಾರಿಗಾದರೂ ಗೊತ್ತಾಗುತ್ತಿತ್ತು. ಅವನ ದನಿಗೆ ಸರಿಹೊಂದುವ ಕೆಲಸ ಕೊನೆಗೂ ಸಿಕ್ಕಿತ್ತು.

ಮುದುಕ ಬದುಕಿದ್ದ. ಬೈಯುತ್ತಿದ್ದ. ಭಾವ ಕೊಲೆಗಾರನಲ್ಲ. ಇದಕ್ಕೆ ಸರಿಯಾದ ಡೈಲಾಗು ಹುಡುಕಿದೆ, ಸಿಗಲಿಲ್ಲ. “ನೈಟಿ ಚೆನ್ನಾಗಿದೆ ತಾತ,” ಎಂದೆ.

“ನರ್ಸಮ್ಮಂದು. ದೂರದಿಂದ ನೋಡಿದೋರು ಅವರೇ ಬಟ್ಟೆ ಒಣಹಾಕ್ತಿದಾರೆ ಅಂದ್ಕೊಳ್ಲಿ ಅಂತ.” ಆತ ಇನ್ನೂ ತಟ್ಟೆ ಬಿಟ್ಟಿರಲಿಲ್ಲ.

ಸಾಹೇಬರು ಕುರ್ಚಿ ಎಳೆದು ಕೂರಿಸಿದರು. “ಯಾಕೆ ಸ್ವಾಮಿ ಬಚ್ಚಿಟ್ಕೊಂಡ್ರಿ? ನಿಮ್ಮನ್ನ ಕೊಂದ ಅಂತ ಒಬ್ಬನ್ನ ಲಾಕಪ್ಪಲ್ಲಿ ಕೂರಿಸಿದೀವಿ.”

“ಯಾರನ್ನ?”

“ಕೆಳಗಿನ ಮನೆ ಚೌಕಟ್ಟಿನವರನ್ನ. ನಿನ್ನೆ ಸಂಜೆ.”

ತಾತನ ಮುಖ ಬಿಳಿಚಿಕೊಂಡಿತು. ನರ್ಸಮ್ಮನ ಮಾಳಿಗೆಯ ಕೋಣೆಯಲ್ಲಿ ಫೋನಿಲ್ಲ, ಬೀದಿ ಕಡೆ ಕಿಟಕಿಯೂ ಇಲ್ಲ. ನರ್ಸಮ್ಮನಿಗೆ ಗೊತ್ತಿತ್ತೋ ಏನೋ, ಹೇಳಿರಲಿಲ್ಲ.

“ಥೂ, ಎಂಥ ಕೆಲಸ ಮಾಡಿದ್ರಿ. ಅವತ್ತು ನಾನು ಬೆಳಗ್ಗೆ ಗಿಡ ನೋಡ್ಕೊಂಡು ಇಳೀತಿದ್ದೆ. ಮೇಲಿನ ಮೆಟ್ಟಿಲಲ್ಲಿ ಹಿಂದಿನಿಂದ ಯಾರೋ ನೂಕಿದ್ರು. ಮುಖ ಕಾಣ್ಲಿಲ್ಲ. ತಲೆ ಒಡೀತು, ಕೈ ತಿರುಚ್ಕೊಳ್ತು. ಕಂಬಿ ಮೇಲೆ ಅವನು ಒಣಹಾಕಿದ್ದ ಒರೆಸೋ ಬಟ್ಟೆ ಇತ್ತು. ಅದನ್ನೇ ತಲೆಗೆ ಒತ್ತಿ ಹಿಡ್ಕೊಂಡೆ. ಆದ್ರೆ ಕೇಳಿ, ನಾನು ಬೀಳೋವಾಗ, ಬಿದ್ದ ಮೇಲೂ, ಕೆಳಗೆ ಅವನ ಗರಗಸ ಓಡ್ತಾನೇ ಇತ್ತು. ಒಂದು ಗಳಿಗೆ ನಿಂತಿಲ್ಲ. ಆ ಸದ್ದಿಗೆ ತಾನೇ ನಾನು ಅವನ ಜೊತೆ ದಿನಾ ಜಗಳ ಆಡ್ತಿದ್ದಿದ್ದು. ಇನ್ನು ಜನ್ಮದಲ್ಲಿ ಆಡಲ್ಲ.”

ಗರಗಸ ಓಡಿಸುತ್ತಿದ್ದವನು ಮೆಟ್ಟಿಲ ಮೇಲಿರಲು ಸಾಧ್ಯವಿಲ್ಲ. ಸಾಹೇಬರು ಅಲ್ಲಿಯೇ ನಿಂತು ಸ್ಟೇಷನ್ನಿಗೆ ಫೋನು ಮಾಡಿದರು. “ಆ ಚೌಕಟ್ಟಿನವನನ್ನ ಬಿಟ್ಟು ಕಳಿಸಿ. ಹ್ಞೂ. ಸತ್ತೋರು ನನ್ನ ಎದುರಿಗೇ ಕೂತಿದಾರೆ. ಇಲ್ಲ ಕಣಯ್ಯ, ಬಿಸಿಲಿಗೆ ತಲೆ ಕೆಟ್ಟಿಲ್ಲ. ಬಿಟ್ಟು ಕಳಿಸು ಅಂದೆ.”

ನಾನು ಕಿಟಕಿಯಿಂದ ತಲೆ ಹೊರಹಾಕಿ ಉಸಿರು ಬಿಟ್ಟೆ. ಎಲ್ಲ ಮಾಳಿಗೆಗಳ ಮೇಲೂ ಬಿಸಿಲಿತ್ತು. ನರ್ಸಮ್ಮ ಬೆಡ್‌ಶೀಟುಗಳ ನಡುವೆ ನಿಂತು ಕಣ್ಣೊರೆಸಿಕೊಳ್ಳುತ್ತ, “ನಿಧಾನ, ಎಳೆದಾಡ್ಬೇಡ್ರಪ್ಪ, ಆ ಕೈ ಇನ್ನೂ ಸರಿಯಾಗಿಲ್ಲ,” ಎಂದು ಕೂಗಿದರು.

“ಪೊಲೀಸಿಗೆ ಯಾಕೆ ಹೇಳ್ಲಿಲ್ಲ?” ಎಂದು ಸಾಹೇಬರು ಕೇಳಿದರು.

“ಯಾರು ಅಂತ ಹೇಳ್ಲಿ? ಮಾಳಿಗೆ ಮೆಟ್ಟಿಲಿಗೆ ದಾರಿ ಇರೋದು ಮನೆ ಒಳಗಿಂದ ಮಾತ್ರ. ಹೊರಗಿನೋರು ಬರೋಕಾಗಲ್ಲ. ನೂಕಿದೋರು ನಮ್ಮ ಮನೇಲಿ ಇರೋರೇ. ಅದಕ್ಕೇ ಹೆದರಿ, ಬಟ್ಟೆ ಅಲ್ಲೇ ಬಿಸಾಕಿ, ಮೋಟುಗೋಡೆ ದಾಟಿ ನರ್ಸಮ್ಮನ ಹತ್ರ ಬಚ್ಚಿಟ್ಕೊಂಡೆ. ಗಿಡ ಮಾತ್ರ ಬಿಟ್ಟಿರೋಕಾಗ್ಲಿಲ್ಲ.”

ಪಿಟೀಲು ಅಳು ನಿಲ್ಲಿಸಿ, “ಅವತ್ತು ನಾನು ಊರಲ್ಲೇ ಇರ್ಲಿಲ್ಲ ದೊಡ್ಡಪ್ಪ,” ಎಂದ. ಅದು ನಿಜ. ಸಾಹೇಬರು ಬಸ್ಸಿನ ಟಿಕೇಟಿನಿಂದ ಹೋಟೆಲಿನವನ ತನಕ ಅದನ್ನು ಮೊದಲೇ ವಿಚಾರಿಸಿದ್ದರು.

ತಾತ ಎದ್ದು ಗಿಡಗಳ ನಡುವೆ ಓಡಾಡತೊಡಗಿದ. ನೈಟಿಯಲ್ಲೇ, ಒಂದೊಂದರ ಕೆಳಗಿನ ಎಲೆ ಹಿಂಡುತ್ತ, ರೌಂಡ್ಸಿಗೆ ಬಂದ ಡಾಕ್ಟರ ಹಾಗೆ. ಸ್ವಲ್ಪ ಹೊತ್ತಿಗೆ ನಮ್ಮನ್ನೆಲ್ಲ ಮರೆತೇಬಿಟ್ಟ. ಅಕ್ಕನ ಮನೆಯ ಸೊರಗಿದ ಮರಿಯನ್ನು ನೋಡಿ, “ಇದೇನೂ ಆಗಿಲ್ಲ. ಇವತ್ತು ಒಂದು ಸಲ ತುಂಬ ಹಾಕಿ ಬಿಟ್ಟರೆ ನಾಡಿದ್ದಕ್ಕೆ ಎದ್ದು ಕೂರುತ್ತೆ. ಬಾಯಾರಿದ್ದನ್ನ ಬದುಕಿಸಬಹುದು ಕೋತಿ, ಮುಳುಗಿದ್ದನ್ನ ಆಗಲ್ಲ,” ಎಂದ.

ಮೂಲೆಯ ಹತ್ತಿರ ಹೋಗಿ ನಿಂತುಬಿಟ್ಟ.

“ಇದ್ಯಾವ ಪಾಪಿ ಮಾಡಿದ್ದು?”

ಗಾಜಿಲ್ಲದ ಹಿಂಬದಿಯ ಗೋಡೆಗೆ ತಾಗಿದ್ದ ಕೊನೆಯ ಹಲಗೆಯ ಮೇಲೆ ಬೂದಿಗುಲಾಬಿಯ ಮರಿಗಳ ಒಂದು ತಟ್ಟೆಯಿತ್ತು. ಬೆಳಕು ಕಡಿಮೆ ಇರುವ ಜಾಗ. ನಾನು ಅಲ್ಲಿಯವರೆಗೆ ಹೋಗಿರಲಿಲ್ಲ. ಕೆಳಗಿನ ಎಲೆಗಳು ಹಳದಿಯಾಗಿ, ಒಳಗೆ ದೀಪ ಹಚ್ಚಿಟ್ಟರೆ ಕಾಣುವಷ್ಟು ತೆಳುವಾಗಿ, ಜೆಲ್ಲಿಯ ಹಾಗಿದ್ದವು. ತಾತ ಮುಟ್ಟಿದ್ದೇ ತಡ, ಒಂದು ಎಲೆ ಪಚಕ್ಕನೆ ಕಳಚಿ ಬಿತ್ತು. ಕಾಂಡ ಕಪ್ಪಾಗಿತ್ತು. ಎಲೆಗಳ ಮೇಲಿನ ಬೂದಿಯೆಲ್ಲ ತೊಳೆದುಹೋಗಿ ನಲ್ಲಿನೀರಿನ ಬಿಳಿ ಕಲೆ ಕೂತಿತ್ತು.

“ನೀವಲ್ವಾ ಇದಕ್ಕೆ ಹಾಕ್ತಿದ್ದಿದ್ದು?” ಎಂದೆ.

“ನಾನಾ? ತಲೆ ಮೇಲೆ ಸುರಿಯೋಕೆ ನನಗೇನು ಹುಚ್ಚಾ? ಒಂದು ಕೈಯಲ್ಲಿ ಕಿಟಕಿ ಹತ್ತಿರದ ಸಾಲು ಮುಗಿಸೋದೇ ಸಾಕಾಗ್ತಿತ್ತು. ಈ ಮೂಲೆ ನೆರಳು, ಮರಿಗಳು ತಡ್ಕೊಳ್ತವೆ ಅಂತ ಬಿಟ್ಟಿದ್ದೆ.”

ಮಣ್ಣಿಗೆ ಬೆರಳಿಟ್ಟೆ. ಕೆಸರು. ಇವತ್ತೂ ನೀರು ಬಿದ್ದಿತ್ತು.

ಇಷ್ಟು ಹೊತ್ತು ನಾನು ಒಂದೇ ಕೈ ಹುಡುಕಿದ್ದೆ. ಇಲ್ಲಿಗೆ ಬರುತ್ತಿದ್ದವು ಎರಡು ಕೈ. ಒಂದು ಎಲೆ ಹಿಂಡಿ ನೋಡಿ ಹಾಕುವ ಕೈ. ಇನ್ನೊಂದು ದಿನಾ ಬಂದು, ಗಿಡದ ಕಡೆ ನೋಡದೆ, ಒಂದೇ ತಟ್ಟೆಗೆ ಸುರಿದು ಹೋಗುವ ಕೈ.

ಸಾಹೇಬರು ಬಾಗಿಲ ಬೀಗವನ್ನು ತಿರುಗಿಸಿ ನೋಡಿದರು. ಗೀರೂ ಇಲ್ಲ. “ಕೀಲಿಕೈಲೇ ತೆಗೆದಿದಾರೆ. ಎಷ್ಟು ಕೀಲಿ ಇದ್ದಾವೆ ಸ್ವಾಮಿ?”

“ಎರಡೇ. ಒಂದು ನನ್ನ ಹತ್ರ, ಇನ್ನೊಂದು ನಿಮ್ಮ ಹತ್ರ.”

“ಹಾಗಾದ್ರೆ ಯಾರೋ ಮೂರನೇದು ಮಾಡ್ಸಿದಾರೆ. ಗಿಡಕ್ಕೆ ನೀರು ಹಾಕೋಕೆ ಕಳ್ಳಕೀಲಿ ಮಾಡ್ಸೋರು ಯಾರಪ್ಪ?”

“ಅವರು ನೀರು ಹಾಕೋಕೆ ಬರ್ತಿರ್ಲಿಲ್ಲ ಸಾರ್,” ಎಂದೆ. “ಮೆಟ್ಟಿಲಲ್ಲಿ ಯಾರಾದ್ರೂ ಸಿಕ್ಕಿ ಎಲ್ಲಿಗೆ ಅಂತ ಕೇಳಿದ್ರೆ ಕೈಯಲ್ಲಿ ನೀರಿದೆ. ತಾತನ ಗಿಡಕ್ಕೆ ಅಂದ್ರೆ ಮುಗೀತು. ನೀರು ಬರೀ ನೆಪ. ತಂದಿದ್ದನ್ನ ಹತ್ತಿರ ಇರೋ ತಟ್ಟೆಗೆ ಸುರಿದು, ಬಂದ ಕೆಲಸ ನೋಡ್ಕೊಳ್ತಿದ್ರು. ಈ ಗಿಡದ ವಿಷಯ ಗೊತ್ತಿಲ್ದೋರು. ನೀರು ಹಾಕಿದ್ರೆ ಗಿಡ ಸಾಯುತ್ತೆ, ಸತ್ತು ತಮ್ಮನ್ನ ಹಿಡಿದುಕೊಡುತ್ತೆ ಅಂತ ಅವರಿಗೇನು ಗೊತ್ತು?”

“ಬಂದ ಕೆಲಸ ಏನು?”

ತಟ್ಟೆಯ ಹಿಂದಿನ ಗೋಡೆಯಲ್ಲಿ, ಬಣ್ಣ ಬಳಿದು ಮುಚ್ಚಿದ್ದ ಒಂದು ಪುಟ್ಟ ಗೋಡೆಬೀರು ಇತ್ತು. ಬಾಗಿಲಿನ ಅಂಚಿನ ಬಣ್ಣವನ್ನು ಯಾರೋ ಸಣ್ಣ ಉಪಕರಣದಿಂದ ತಾಳ್ಮೆಯಿಂದ ಕೆರೆದಿದ್ದರು. ಮುಕ್ಕಾಲು ಸುತ್ತು ಮುಗಿದಿತ್ತು. ತೆರೆದಿರಲಿಲ್ಲ.

“ಇದರಲ್ಲೇನಿದೆ ತಾತ?”

ಎರಡು ಗಳಿಗೆಯ ಹಿಂದೆ ನನ್ನ ಕೈ ಮುರಿಯುತ್ತೇನೆಂದು ಕೂಗಿದ ಮುದುಕ ಈಗ ನೆಲ ನೋಡಿದ.

“ಏನಿಲ್ಲ,” ಎಂದ.

ಆ ‘ಏನಿಲ್ಲ’ ಎಷ್ಟು ಸುಳ್ಳೆಂದು ಪ್ಲಾಸ್ಟಿಕ್ ಗಿಡಕ್ಕೂ ಗೊತ್ತಾಗುತ್ತಿತ್ತು. ಆದರೆ ಸಾಹೇಬರು ಅವಸರ ಮಾಡಲಿಲ್ಲ. ತೆರೆದ ಕಿಟಕಿಯಿಂದ ಕೆಳಗೂ ಕೇಳುವ ದನಿಯಲ್ಲಿ ಕೋಣೆಗೆ ಹೊಸ ಬೀಗ ಹಾಕಿಸುವ ಮಾತಾಡಿದರು. ನಾನು ಹಲಗೆಯ ಧೂಳಿನ ಮೇಲೆ ಬಗ್ಗಿದೆ. ತಟ್ಟೆಯ ಪಕ್ಕದಲ್ಲಿ ಒದ್ದೆ ಪಾತ್ರೆ ಇಟ್ಟು ಎತ್ತಿದ ಗುರುತುಗಳಿದ್ದವು, ಒಂದರ ಮೇಲೊಂದು. ಬಳೆಯಷ್ಟು ಅಗಲದ ಉಂಗುರ. ಪ್ರತಿ ಉಂಗುರದಲ್ಲೂ ಒಂದು ಕಡೆ ತುಂಡು ಇಲ್ಲ, ಇಲಿ ಕಡಿದ ಹಾಗೆ.

ಕೆಳಗೆ ಬೀದಿಯಲ್ಲಿ ಆಟೋ ನಿಂತ ಸದ್ದಾಯಿತು. ಉಂಗುರವನ್ನು ಮರೆತು ಮೆಟ್ಟಿಲಿಳಿದು ಓಡಿದೆ.

ಭಾವ ಬಂದಿದ್ದ. ತಲೆ ಕೆದರಿತ್ತು, ಅಂಗಿ ಮುದುಡಿತ್ತು, ಉಳಿದಂತೆ ಪೂರ್ತಿ ಭಾವನೇ. ಅಕ್ಕ ಬಾಗಿಲಲ್ಲಿ ನಿಂತು ಅವನ ತೋಳು, ಬೆನ್ನು, ತಲೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

“ಎಲ್ಲಾ ಇದೆ ಕಣೆ, ಅಲ್ಲೇನೂ ಬಿಟ್ಟು ಬಂದಿಲ್ಲ,” ಎಂದ ಭಾವ.

“ಭಾವ, ಜೈಲಿಂದ ಬಿಡುಗಡೆಯಾಗಿ ಬಂದೋರು ಸ್ಲೋಮೋಷನ್ನಲ್ಲಿ ನಡೀಬೇಕು. ಆಟೋದೋನ ಹತ್ರ ಚಿಲ್ಲರೆಗೆ ಜಗಳ ಆಡಿದ್ರೆ ಎಫೆಕ್ಟೇ ಇರಲ್ಲ.”

“ನೀನೇನಾ ಬಿಡಿಸಿದ್ದು? ಸ್ಟೇಷನ್ನಲ್ಲಿ ಹೇಳಿದ್ರು. ಏನೋ ಎಲೆ ಹಿಂಡಿದ್ಯಂತೆ.”

“ತಾತ ಬದುಕಿದಾರೆ ಭಾವ. ನೈಟೀಲಿದಾರೆ.”

ಭಾವ ಕುರ್ಚಿಗೆ ಕುಸಿದು ಗಟ್ಟಿಯಾಗಿ ನಕ್ಕ. ಅಕ್ಕನೂ ನಕ್ಕಳು, ಬಾಯಿಗೆ ಕೈ ಅಡ್ಡ ಹಿಡಿದು. ನಾನು ಅಕ್ಕನ ಸೊರಗಿದ ಮರಿಯನ್ನು ಕಿಟಕಿಯಲ್ಲಿಟ್ಟೆ. ಆ ಮನೆಯೊಳಗೆ ಮತ್ತೆ ಗಾಳಿ ಆಡತೊಡಗಿತ್ತು. ಇನ್ನೇನು ಗರಗಸ ಶುರುವಾಗುತ್ತದೆ, ತಾತ ಮೇಲಿನಿಂದ ಬೈಯುತ್ತಾನೆ, ಎಲ್ಲ ಸರಿಹೋಗುತ್ತದೆ ಎಂದುಕೊಂಡೆ.

“ಬಾಯಾರಿದೆ ಕಣೆ,” ಎಂದ ಭಾವ.

ಅಕ್ಕ ಒಳಗಿನಿಂದ ಸ್ಟೀಲಿನ ಜಗ್ಗಿನಲ್ಲಿ ನೀರು ತಂದಳು. ಅವಸರಕ್ಕೆ ತುಂಬಿಸಿದ್ದರಿಂದ ಹೊರಗೆಲ್ಲ ಒದ್ದೆ. ಜಗ್ಗನ್ನು ಮೇಜಿನ ಮೇಲಿಟ್ಟಳು. ಭಾವ ಎತ್ತಿ ಗಟಗಟನೆ ಕುಡಿದ.

ಮೇಜಿನ ಮೇಲೆ ನೀರಿನ ಉಂಗುರ ಉಳಿಯಿತು. ಬಳೆಯಷ್ಟು ಅಗಲ. ಒಂದು ಕಡೆ ತುಂಡು ಇಲ್ಲ.

ನಾನು ಕಿಟಕಿಯ ಕಡೆ ನೋಡಿದೆ. ಅಕ್ಕ ತಿಂಗಳ ಕಾಲ ಒಂದು ತೊಟ್ಟೂ ಹಾಕದ ಆ ಪುಟ್ಟ ಗಿಡ ಸುಕ್ಕುಗಟ್ಟಿದ ಎಲೆಗಳನ್ನು ಮಡಚಿಕೊಂಡು ಕೂತಿತ್ತು. ಅಕ್ಕನ ಕಡೆ ನೋಡಿದೆ. ಅವಳೂ ಉಂಗುರವನ್ನೇ ನೋಡುತ್ತಿದ್ದಳು. ನಾನು ನೋಡಿದ್ದನ್ನೂ ಅವಳು ನೋಡಿದಳು.

ಒರೆಸುವ ಬಟ್ಟೆಯನ್ನು ತೆಗೆದುಕೊಂಡು, ಅವಸರವಿಲ್ಲದೆ, ಮೇಜನ್ನು ಒರೆಸಿದಳು.

“ಮೇಲಿನ ಕೋಣೆಗೆ ಹೊಸ ಬೀಗ ಯಾವಾಗ ಹಾಕಿಸ್ತಾರಂತೆ?” ಎಂದು ಕೇಳಿದಳು.